ನಡುಮನೆಯ ನೆಲ ಬೆಚ್ಚಗಾದದ್ದು

ಶಹಾಬಾದಿನ ನಮ್ಮ ಮನೆಯಲ್ಲಿ ಕಲ್ಲಿನದಲ್ಲದ ವಸ್ತುವನ್ನು ಹುಡುಕಬೇಕಾಗಿತ್ತು. ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲಿನ ಮಾಳಿಗೆಗೂ ಉದ್ದುದ್ದನೆಯ ಕಲ್ಲಿನ ಹಾಸು. ಅಡುಗೆಮನೆಗೂ ನಡುಮನೆಗೂ ಮಧ್ಯೆ ಗೋಡೆಯ ಬದಲು ನೆಟ್ಟಗೆ ನಿಲ್ಲಿಸಿದ ಪರ್ಸಿ, ಡಬ್ಬಿ ಇಡುವ ಹಲಗೆಯೂ ಪರ್ಸಿ, ನೀರಿನ ತೊಟ್ಟಿಯೂ ಪರ್ಸಿ. ನಮ್ಮ ಊರಿನ ನೆಲದೊಳಗೆ ಪದರು ಪದರಾಗಿ ಸಿಗುವ ಆ ಬೂದು ಕಲ್ಲಿಗೆ ನಮ್ಮ ಕಡೆ ಪರ್ಸಿ ಎನ್ನುತ್ತಾರೆ. ಬೇಸಿಗೆಯಲ್ಲಿ ಅಂಥ ಮನೆ ಇನ್ನೊಂದಿಲ್ಲ. ಹೊರಗೆ ಕಾಗೆ ಕೂಡ ನೆರಳು ಬಿಟ್ಟು ಕದಲದ ಬಿಸಿಲಿದ್ದಾಗ ನಾವು ನಡುಮನೆಯ ನೆಲಕ್ಕೆ ನೀರು ಚಿಮುಕಿಸಿ, ಬೆನ್ನು ಹಚ್ಚಿ ಮಲಗುತ್ತಿದ್ದೆವು. ಆದರೆ ಶೀಗಿ ಹುಣ್ಣಿಮೆ ದಾಟಿ ಸಂಜೆಯ ಗಾಳಿ ತಿರುಗಿತೆಂದರೆ ಅದೇ ಕಲ್ಲು ನಮ್ಮ ವೈರಿಯಾಗುತ್ತಿತ್ತು. ಹಗಲಿನ ಬಿಸಿಲು ಅದರೊಳಗೆ ಇಳಿಯುತ್ತಿರಲಿಲ್ಲ, ಇರುಳಿನ ಥಂಡಿ ಅದರಿಂದ ಹೊರಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಕೌದಿಯಿಂದ ಕಾಲು ಹೊರಗಿಟ್ಟರೆ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಜುಮ್ಮೆನ್ನುತ್ತಿತ್ತು. ಥಂಡಿಯೇನು ಹಿಮದ ನಾಡಿನ ಥಂಡಿಯಲ್ಲ, ಅದು ನನಗೂ ಗೊತ್ತು. ಆದರೆ ವರ್ಷದ ಮುಕ್ಕಾಲು ಪಾಲು ಬಿಸಿಲಲ್ಲಿ ಬೇಯುವ ಮೈಗೆ ಅಷ್ಟು ಸಾಕಾಗಿತ್ತು.

ದೀಪಾವಳಿ ಪಾಡ್ಯದ ಸಂಜೆ ನಮ್ಮ ಮನೆಯಲ್ಲಿ ಶೆಗಡಿ ಹಚ್ಚುತ್ತಿದ್ದರು. ಶೆಗಡಿ ಎಂದರೆ ಮೂರು ಕಾಲಿನ ಕಬ್ಬಿಣದ ಬುಟ್ಟಿ, ಅದರೊಳಗೆ ಇದ್ದಿಲು. ಅದನ್ನು ಅಟ್ಟದಿಂದ ಇಳಿಸುವ ಹಕ್ಕು ನಮ್ಮ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು. ಆತ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ವಿಭೂತಿ ಬಳಿದು, ಒಲೆಯ ಕೆಂಡವೊಂದನ್ನು ತಾನೇ ಇಕ್ಕಳದಲ್ಲಿ ಹಿಡಿದು ತಂದು ಇದ್ದಿಲಿನ ನಡುವೆ ಇಡುತ್ತಿದ್ದ. ಕೆಂಡ ಹತ್ತಿಕೊಳ್ಳುವವರೆಗೆ ಯಾರೂ ಮಾತಾಡುವಂತಿರಲಿಲ್ಲ. ಆಮೇಲೆ ಎಲ್ಲರೂ ಸುತ್ತ ಕೂತು ಶೇಂಗಾ ಸುಟ್ಟು ತಿನ್ನುತ್ತಿದ್ದೆವು. ಮುತ್ಯಾ ಬಾಗಿಲಿಗೆ ಬೆನ್ನು ಕೊಟ್ಟು, ಆಯಿ, ಅಂದರೆ ಅಪ್ಪನ ತಾಯಿ, ಗೋಡೆಗೆ ಒರಗಿ, ಅಪ್ಪ ವಾಡಿಯ ರೈಲ್ವೆ ಕೆಲಸ ಮುಗಿಸಿ ಬಂದ ಖಾಕಿ ಅಂಗಿಯಲ್ಲೇ, ನಾನು ಅಪ್ಪನ ಮಗ್ಗುಲಲ್ಲಿ. ನನ್ನ ಅವ್ವ ಮಾತ್ರ ಪರ್ಸಿಯ ಮರೆಯ ಆಚೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಇರುತ್ತಿದ್ದಳು. ಮಾವನ ಎದುರು ಸೊಸೆ ಕೂಡುವುದು ನಮ್ಮಲ್ಲಿ ಆಗ ಇರಲಿಲ್ಲ. ಅವಳು ಮುತ್ಯಾನಿಗೆ ಏನಾದರೂ ಹೇಳುವುದಿದ್ದರೆ ಆ ಮರೆಯ ಹಿಂದಿನಿಂದ, ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳುತ್ತಿದ್ದಳು. ಮುತ್ಯಾ ಉತ್ತರವನ್ನು ಆಯಿಗೆ ಹೇಳುತ್ತಿದ್ದ.

ಆ ನೆಲ ಮುತ್ಯಾನ ಹೆಮ್ಮೆ. ಆತ ಜೀವಮಾನವೆಲ್ಲ ಪರ್ಸಿ ಹಾಸಿದ ಮೇಸ್ತ್ರಿ. ಸೇಡಂ, ಚಿತ್ತಾಪುರ, ಎಲ್ಲೆಲ್ಲಿ ದೊಡ್ಡ ಮನೆ ಕಟ್ಟಿದರೂ ನೆಲಕ್ಕೆ ಆತನಿಗೇ ಕರೆ ಬರುತ್ತಿತ್ತು. ನಮ್ಮ ನಡುಮನೆಯ ಹಾಸನ್ನು ತನ್ನ ಮದುವೆಯ ವರ್ಷ ತಾನೊಬ್ಬನೇ ಹಾಸಿದ್ದ. ಎರಡು ಕಲ್ಲಿನ ಸಂದಿನಲ್ಲಿ ಸೂಜಿ ಕೂಡ ಇಳಿಯದು. ಮನೆಗೆ ಹೊಸಬರು ಬಂದರೆ ಮೊದಲು ನೀರು ಕೊಡುತ್ತಿದ್ದೆವು, ಆಮೇಲೆ ಮುತ್ಯಾ ನೆಲ ತೋರಿಸುತ್ತಿದ್ದ.

ಅವ್ವನ ತವರು ಚಿಂಚೋಳಿ ಕಡೆಯ ಹಳ್ಳಿ. ಅಡವಿಯ ಅಂಚು, ಮಣ್ಣಿನ ಗೋಡೆ, ಮನೆಮಂದಿಯೆಲ್ಲ ಕಬ್ಬಿನ ಹೊಲದವರು. ಮದುವೆಯಾಗಿ ಬಂದ ಮೊದಲ ಥಂಡಿಕಾಲದಲ್ಲಿ ಕಲ್ಲಿನ ಮನೆಯಲ್ಲಿ ಹಲ್ಲು ಕಟಕಟಿಸುತ್ತಿದ್ದಳಂತೆ. ನಾನು ಹುಟ್ಟಿದ್ದು ಬೇಸಿಗೆಯಲ್ಲಿ, ಅದಕ್ಕೇ ನನಗೇನೂ ಆಗಲಿಲ್ಲ. ನನ್ನ ನಂತರ ಒಬ್ಬ ತಮ್ಮ ಹುಟ್ಟಿದ, ಪುಷ್ಯಮಾಸದಲ್ಲಿ. ಬಾಣಂತಿಯ ಮಂಚದ ಕೆಳಗೆ ವಾಡಿಕೆಯಂತೆ ಶೆಗಡಿ ಇಟ್ಟರು. ಹೊಗೆಗೆ ಕೂಸು ಕೆಮ್ಮಿತು. ಶೆಗಡಿ ತೆಗೆದರು. ಕಲ್ಲಿನ ಥಂಡಿಗೆ ಕೂಸಿನ ಎದೆ ಗೊರಗುಟ್ಟಿತು. ಮತ್ತೆ ಶೆಗಡಿ ತಂದರು. ಹೀಗೆ ಇಡುವುದು, ತೆಗೆಯುವುದು ಮಾಡುತ್ತಲೇ ಆ ಕೂಸು ಹೋಯಿತು. ಅದರ ಮುಖ ನನಗೆ ನೆನಪಿಲ್ಲ. ಅವ್ವ ಆಮೇಲೆ ಬಹಳ ದಿನ ಬರಿಗಾಲಲ್ಲಿ ಆ ನೆಲದ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದುದು ನೆನಪಿದೆ.

ನಾನು ಹೇಳಹೊರಟಿರುವ ವರ್ಷ ಅವ್ವ ಮತ್ತೆ ಬಸುರಿಯಾಗಿದ್ದಳು. ಕೂಸು ಥಂಡಿಯ ಹೊತ್ತಿಗೇ ಬರುವುದಿತ್ತು. ತವರಿನಲ್ಲಿ ಅವಳ ತಾಯಿ ತೀರಿಕೊಂಡಿದ್ದರಿಂದ ಬಾಣಂತನ ಶಹಾಬಾದಿನಲ್ಲೇ ಎಂದು ನಿಶ್ಚಯವಾಗಿತ್ತು. ಪಾಡ್ಯದಂದು ಮುತ್ಯಾ ಎಂದಿನಂತೆ ಶೆಗಡಿ ಹಚ್ಚಿದ. ಅದಾದ ಕೆಲವು ದಿನಕ್ಕೆ ಒಂದು ಸಂಜೆ ಗಾಳಿ ಜೋರಾಯಿತೆಂದು ಆಯಿ ಬಾಗಿಲು, ಕಿಟಕಿ ಎಲ್ಲ ಬಿಗಿಯಾಗಿ ಹಾಕಿಸಿ ಶೆಗಡಿಯ ಮಗ್ಗುಲಲ್ಲಿ ಕಾರ್ತಿಕದ ಬತ್ತಿ ಹೊಸೆಯುತ್ತ ಕೂತಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟಿದ್ದೆ. ನನಗೆ ತಲೆ ಭಾರವಾಗಿ ನಿದ್ದೆ ಎಳೆಯುತ್ತಿತ್ತು. ಆಯಿಯ ಕೈಯಿಂದ ಅರಳೆ ಜಾರಿ ಬಿತ್ತು, ಆಮೇಲೆ ಆಯಿಯೇ ಗೋಡೆಗುಂಟ ಜಾರಿದಳು. ಅದೇ ಹೊತ್ತಿಗೆ ಅಪ್ಪ ಕೆಲಸದಿಂದ ಬಂದು ಬಾಗಿಲು ನೂಕದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಪ್ಪ ಆಯಿಯನ್ನೂ ನನ್ನನ್ನೂ ಅಂಗಳಕ್ಕೆ ಎಳೆದು ತಂದ. ಅಡುಗೆಮನೆಯಲ್ಲಿ ಅವ್ವ ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುತ್ತಿದ್ದಳು. ಡಾಕ್ಟರು ಬಂದರು, ಆಯಿ ಕಣ್ಣು ಬಿಟ್ಟಳು. ಅವರು ಹೊರಡುವಾಗ ಅಪ್ಪನಿಗೆ ಹೇಳಿದ ಮಾತು ನನಗೆ ಹಾಗೇ ಇದೆ:

"ಇದ್ದಿಲ ಗಾಳಿ ವಿಷ ಅದರಿ. ಇನ್ ಮ್ಯಾಲ ಬಾಗಿಲ ಹಾಕಿದ ಮನ್ಯಾಗ ಶೆಗಡಿ ಇಡಬ್ಯಾಡ್ರಿ. ಇವತ್ತ ನಸೀಬ ಚಲೋ ಇತ್ತು."

ಮುತ್ಯಾ ಮರುದಿನ ಬೆಳಿಗ್ಗೆ ಶೆಗಡಿಯನ್ನು ಅಂಗಳದ ಬೇವಿನ ಮರದ ಬುಡಕ್ಕೆ ಒಯ್ದಿಟ್ಟ. ಅಂದಿನಿಂದ ಅಡುಗೆಯ ಒಲೆ ಬಿಟ್ಟರೆ ಮನೆಯೊಳಗೆ ಬೆಂಕಿಯೇ ಇಲ್ಲ. ಹೊರಗೆ ಕೂತು ಮೈ ಕಾಸಿಕೊಂಡು ಒಳಗೆ ಬಂದರೆ ಬಾಗಿಲು ದಾಟುವುದರೊಳಗೆ ಕಾವು ಹೋಗಿಬಿಡುತ್ತಿತ್ತು. ಅವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅವಳು ಏನೋ ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ತಿಳಿಯುತ್ತಿತ್ತು. ಒಲೆಯ ಮುಂದೆ ಕೂತಾಗ ಬೂದಿಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಎಳೆಯುತ್ತಿದ್ದಳು.

ಒಂದು ದಿನ ರಾತ್ರಿಯೂಟಕ್ಕೆ ಮುತ್ಯಾ ಕೂತಿದ್ದ. ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವ್ವ ಮರೆಯ ಹಿಂದಿನಿಂದ ಮಾತು ತೆಗೆದಳು.

"ಮಾವಾರ, ಒಂದ್ ಮಾತು ಹೇಳ್ತೀನ್ರಿ. ನಡಮನ್ಯಾಗಿನ ಪರ್ಸಿ ಎಬ್ಬಸ್ಬೇಕ್ರಿ."

ಮುತ್ಯಾನ ಕೈ ತಾಟಿನಲ್ಲೇ ನಿಂತಿತು.

"ಏನಂದ್ಲು ಇಕಿ?" ಎಂದು ಆಯಿಯನ್ನು ಕೇಳಿದ.

ಅವ್ವ ಆಯಿಗಾಗಿ ಕಾಯಲಿಲ್ಲ. "ನೆಲದ ಕೆಳಗ ಒಂದು ಕಾಲುವಿ ತೆಗದು, ಒಲಿ ಹೊಗಿ ಅದರಾಗ ಬಿಡಾಮ್ರಿ. ಹೊಗಿ ಹಿಂದಿನ ಗ್ವಾಡಿ ಕಡಿಂದ ಹೊರಗ ಹೋಗ್ತದ. ಕಾವು ಪರ್ಸಿಯಾಗ ಉಳೀತದ. ನಮ್ಮ ತವರಮನ್ಯಾಗ ಬೆಲ್ಲ ಕಾಸೋ ಒಲಿಗಿ ಹಿಂಗೇ ಇತ್ತು. ಕಾಲುವಿ ಮ್ಯಾಲಿನ ನೆಲ ಮುಂಜಾನಿತನಾ ಬೆಚ್ಚಗ ಇರ್ತಿತ್ತು. ಹುಡುಗರೆಲ್ಲ ಅಲ್ಲೇ ಮಲಗ್ತಿದ್ವಿ."

"ಅಲ್ಲಿದ್ದದ್ದು ಮಣ್ಣು," ಎಂದ ಮುತ್ಯಾ. ಈ ಸಲ ಮರೆಯ ಕಡೆಗೇ ತಿರುಗಿ ಹೇಳಿದ. "ಇದು ಪರ್ಸಿ. ಬೆಂಕಿ ತಾಗಿತಂದ್ರ ಸಿಡೀತದ. ಮತ್ತ ಈ ಹಾಸು ನಾ ಹಾಸಿದ್ದು. ನಾ ಇರೋತನಾ ಇದಕ್ಕ ಯಾರೂ ಹಾರಿ ಹಚ್ಚಂಗಿಲ್ಲ."

ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತೆಂದೇ ನಾನು ತಿಳಿದೆ. ಆಗ ಆಯಿ, ಗಂಡನ ಮಾತಿಗೆ ಎದುರು ಮಾತು ಆಡಿದ್ದನ್ನು ನಾನು ಎಂದೂ ಕೇಳದಿದ್ದ ಆಯಿ, ಬಾಯಿ ತೆರೆದಳು.

"ನಿಮ್ಮ ಹಾಸು ಚಂದ ಅದರಿ. ಯಾರು ಇಲ್ಲಂತಾರ? ಆದರ ಹೋದ ಕೂಸು ಇದರ ಮ್ಯಾಲೇ ಹೋತು. ನನ್ನ ತೊಡಿ ಮ್ಯಾಲ ಇತ್ತು. ಅದರ ಅಂಗಾಲು ಈ ಪರ್ಸಿಗಿಂತಾ ಥಂಡಿ ಆಗಿದ್ವು. ನಿಮಗದು ಗೊತ್ತಿಲ್ಲ. ನೀವು ಹೊರಗ ಕಟ್ಟಿ ಮ್ಯಾಲ ಕುಂತಿದ್ರಿ."

ಮುತ್ಯಾ ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದ. ಅನ್ನ ಬಿಟ್ಟು ಏಳುವುದು ಆತನ ಪ್ರಕಾರ ಪಾಪ. ಆ ತಾಟನ್ನು ಯಾರೂ ಮುಟ್ಟಲಿಲ್ಲ. ಅವ್ವ ಅಂದು ಅಡುಗೆಮನೆಯಲ್ಲೇ ಗೋಣಿಯ ಮೇಲೆ ಮಲಗಿದಳು.

ಬೆಳಗಾಗುವಾಗ ಟಣ್ ಟಣ್ ಎಂಬ ಸದ್ದಿಗೆ ನನಗೆ ಎಚ್ಚರವಾಯಿತು. ನಡುಮನೆಯಲ್ಲಿ ಮುತ್ಯಾ ತಲೆಗೆ ರುಮಾಲು ಬಿಗಿದು, ಧೋತರ ಮೇಲೆ ಕಟ್ಟಿ, ಕುಕ್ಕರಗಾಲಲ್ಲಿ ಕೂತಿದ್ದ. ಲಿಂಗಪೂಜೆ ಆಗಲೇ ಮುಗಿದಿತ್ತು, ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಮೂಲೆಯ ಪರ್ಸಿಯ ಅಂಚಿಗೆ ಉಳಿಯಿಟ್ಟು ಸಣ್ಣಗೆ ಹೊಡೆಯುತ್ತಿದ್ದ. ಅಪ್ಪ ಓಡಿಬಂದು ಉಳಿ ಇಸಿದುಕೊಳ್ಳಲು ಹೋದ.

"ದೂರ ನಿಂದ್ರು," ಎಂದ ಮುತ್ಯಾ. "ನಾ ಹಾಸಿದ್ದು ನಾನೇ ಎಬ್ಬಸ್ತೀನಿ. ನಿನ್ನ ಕೈಯಾಗ ಕೊಟ್ರ ಮೂಲಿ ಮುರಿತದ."

ಒಂದೊಂದೇ ಕಲ್ಲನ್ನು ಮಗುವನ್ನು ಎಬ್ಬಿಸುವಂತೆ ಎಬ್ಬಿಸಿದ. ಯಾವುದು ಎಲ್ಲಿಯದು ಎಂದು ಇದ್ದಿಲಿನಿಂದ ಗುರುತು ಹಾಕಿ ಅಂಗಳದ ಗೋಡೆಗೆ ಒರಗಿಸಿದ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹೆಮ್ಮೆಯ ನಡುಮನೆ ಬರೀ ಕರಿಮಣ್ಣಾಗಿ ಬಿದ್ದಿತ್ತು. ಆಮೇಲೆ ಆತ ಮಾಡಿದ್ದು ನನಗೆ ಈಗಲೂ ಮೈ ನವಿರೇಳಿಸುತ್ತದೆ. ಮರೆಯ ಹತ್ತಿರ ಬಂದು, ಬೆನ್ನು ಮಾಡದೆ, ನೇರವಾಗಿ ಕೇಳಿದ:

"ಮಾದೇವಿ, ಹೊರಗ ಬಾ. ಕಾಲುವಿ ಎಲ್ಲಿಂದ ಎಲ್ಲಿಗಿ ಅಂತ ಹೇಳು."

ಅವ್ವನನ್ನು ಆತ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಒಂದು ಮುಷ್ಟಿಯಲ್ಲಿ ಬೂದಿ ಹಿಡಿದು, ತುಂಬಿದ ಹೊಟ್ಟೆಯನ್ನು ಇನ್ನೊಂದು ಕೈಯಲ್ಲಿ ಆನಿಸಿಕೊಂಡು, ಒಲೆಯ ಬುಡದಿಂದ ಹಿಂದಿನ ಗೋಡೆಯವರೆಗೆ ಹಾವು ಹರಿದಂತೆ ಗೆರೆ ಉದುರಿಸಿದಳು. ಮುತ್ಯಾ ಅವಳ ಹಿಂದೆ ಹಿಂದೆ ನಡೆದ. ಇಲ್ಲಿ ಯಾಕೆ ತಿರುಗಿಸಿದಿ ಎಂದು ಕೇಳಿದ. ಹೊಗೆ ಲಗೂ ಓಡಿ ಹೋಗಬಾರದು, ಎಲ್ಲಾ ಕಲ್ಲಿನ ಕೆಳಗೂ ಹಾಯಬೇಕು ಎಂದು ಅವಳು ಹೇಳಿದಳು. ಆತ "ಹೂಂ" ಅಂದ. ಮುತ್ಯಾನಿಂದ "ಹೂಂ" ಅನ್ನಿಸಿಕೊಳ್ಳುವುದು ಎಂಥದ್ದು ಎಂಬುದು ನಮ್ಮ ಮನೆಯವರಿಗೆ ಗೊತ್ತು.

ಅಪ್ಪ ರಜೆ ಹಾಕಿ ಮಣ್ಣು ತೋಡಿದ. ಒಲೆಯನ್ನು ನೆಲದಿಂದ ಕೆಳಗೆ, ತಗ್ಗಿಗೆ ಇಳಿಸಿದರು. ಕಾಲುವೆಯ ಎರಡೂ ಮಗ್ಗುಲಿಗೆ ಒಡಕು ಪರ್ಸಿ ನಿಲ್ಲಿಸಿ ಮಣ್ಣು ಮೆತ್ತಿದರು. ಹಿಂದಿನ ಗೋಡೆಗೆ ಹೊರಗಿನಿಂದ ಇಟ್ಟಿಗೆಯ ಚಿಮ್ನಿ ಕಟ್ಟಿದರು. ಮುತ್ಯಾ ತನ್ನ ಕಲ್ಲುಗಳನ್ನು ಗುರುತಿನ ಪ್ರಕಾರ ಮತ್ತೆ ಹಾಸಿ, ಸಂದುಗಳಿಗೆ ಸುಣ್ಣದ ಗಚ್ಚು ತುಂಬಿದ. ನಾನು ನೀರು ಹೊತ್ತು ಕೊಟ್ಟೆ, ಗಚ್ಚು ಕಲಸುವುದು ನೋಡಿದೆ, ನೆಲದ ಮಟ್ಟ ನೋಡಲು ಕೆನ್ನೆ ನೆಲಕ್ಕೆ ಹಚ್ಚಿ ಒಂದು ಕಣ್ಣು ಮುಚ್ಚುವುದನ್ನು ಮುತ್ಯಾನಿಂದ ಕಲಿತೆ. ಮುಂದೆ ನಾನು ಕಟ್ಟಡ ಕಟ್ಟುವ ಕೆಲಸ ಓದಿ, ಅದರಲ್ಲೇ ಜೀವನ ಕಳೆದೆ. ಓದಿದ್ದು ಕಲಬುರಗಿಯಲ್ಲಿ. ಕಲಿತದ್ದು ಆ ನೆಲದ ಮೇಲೆ.

ಗಚ್ಚು ಒಣಗಿದ ಮೇಲೆ ಒಂದು ಮುಂಜಾನೆ ಮೊದಲ ಬೆಂಕಿ. ಅವ್ವ ಒಲೆಗೆ ತೊಗರಿ ಕಟ್ಟಿಗೆ ಒಡ್ಡಿದಳು. ತೊಗರಿ ಕಟ್ಟಿಗೆ ನಮ್ಮ ಕಡೆಯ ಬಂಗಾರ, ಚಟಚಟ ಉರಿಯುತ್ತದೆ, ಹೊಗೆ ಕಡಿಮೆ. ಆದರೆ ಇದ್ದ ಅಷ್ಟೂ ಹೊಗೆ ಕಾಲುವೆಗೆ ಹೋಗುವ ಬದಲು ಹೊರಳಿ ಅಡುಗೆಮನೆಗೇ ಬಂತು. ಕಣ್ಣು ಬಿಡಲಾಗಲಿಲ್ಲ. ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಬಾಜೂಮನೆಯ ಜೈನಾಬೀ ಚಾಚಿ ಗೋಡೆಯ ಮೇಲಿಂದ ಇಣುಕಿದಳು. ಅವಳ ಮನೆಯವರದು ಬ್ರೆಡ್ಡು, ಖಾರಿ ಬೇಯಿಸುವ ಭಟ್ಟಿ.

"ಯಾ ಅಲ್ಲಾ! ಮಾದೇವಿ, ಮನಿಗಿ ಬೆಂಕಿ ಹತ್ಯಾದೇನಬೇ?"

"ಇಲ್ಲಕ್ಕಾ, ನೆಲದ ಕೆಳಗ ಒಲಿ ಹಚ್ಚೀನಿ. ಹೊಗಿ ಮುಂದಕ್ಕ ಹೋಗವಲ್ದು."

ಚಾಚಿ ನಗುತ್ತಾಳೆಂದು ನಾನು ಕಾದೆ. ಅವಳು ನಗಲಿಲ್ಲ. ಗೋಡೆ ಸುತ್ತಿ ಬಂದು ಚಿಮ್ನಿಗೆ ಕೈ ಹಚ್ಚಿ ನೋಡಿದಳು.

"ಥಂಡಿ ಅದ ನೋಡು. ನಮ್ಮ ಭಟ್ಟೀನೂ ಎರಡು ದಿನ ಬಂದ್ ಇದ್ರ ಹಿಂಗೇ ಮಾಡ್ತದ. ಬುಡದಾಗ ಒಂದು ಇಟ್ಟಂಗಿ ತೆಗಿ. ಮೊದ್ಲ ಅಲ್ಲಿ ಒಂದೀಟು ಹುಲ್ಲು ಸುಡು. ಚಿಮ್ನಿ ಬಿಸಿ ಆತಂದ್ರ ಹೊಗಿ ತಾನೇ ಜಗ್ಗತದ. ಮತ್ತ ಇದು ಭಾಳ ಗಿಡ್ಡ ಆಗ್ಯಾದ. ಮಾಳಗಿ ಮ್ಯಾಲತನಾ ಏರಸ್ರಿ."

ಅವಳ ಮಾತಿನಂತೆ ಬುಡದಲ್ಲಿ ಹುಲ್ಲು ಸುಟ್ಟರು. ಒಳಗೆ ಒಲೆಯ ಉರಿ ಒಮ್ಮೆಲೆ ಬಾಗಿ ಕಾಲುವೆಯ ಬಾಯಿಗೆ ನಾಲಿಗೆ ಚಾಚಿತು. ಅಪ್ಪ ಚಪ್ಪಾಳೆ ತಟ್ಟಿದ. ಅವ್ವ ಮತ್ತಷ್ಟು ಕಟ್ಟಿಗೆ ಒಡ್ಡಿದಳು. ಸ್ವಲ್ಪ ಹೊತ್ತಿನ ಮೇಲೆ ನಡುಮನೆಯಲ್ಲಿ ಫಟಾರನೆ ಸದ್ದಾಯಿತು. ಒಲೆಗೆ ಹತ್ತಿರದ ಪರ್ಸಿ ಸಿಡಿದು ಪದರು ಮೇಲೆದ್ದಿತ್ತು. ಸಂದಿನಿಂದ ಹೊಗೆ ಬರತೊಡಗಿತು. ಅವ್ವ ಒಲೆಗೆ ನೀರು ಸುರಿದು, ಅಲ್ಲೇ ಕೂತುಬಿಟ್ಟಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಿಡಿಯುತ್ತದೆಂದು ಮುತ್ಯಾ ಮೊದಲೇ ಹೇಳಿದ್ದ. ಈಗ ಆತ ಏನನ್ನುತ್ತಾನೋ ಎಂದು ನಾವೆಲ್ಲ ಆತನ ಮುಖ ನೋಡಿದೆವು. ಮುತ್ಯಾ ಬಾಗಿ, ತಾನು ಮದುವೆಯ ವರ್ಷ ಹಾಸಿದ ಆ ಕಲ್ಲಿನ ಚೂರೊಂದನ್ನು ಎತ್ತಿ ತಿರುಗಿಸಿ ನೋಡಿದ.

"ಅಳ್ತಿ ಯಾಕ?" ಎಂದ. "ಒಂದು ಪರ್ಸಿ ಹೋದ್ರ ಏನಾತು? ಶಹಾಬಾದದಾಗ ಪರ್ಸಿಗಿ ಬರಗಾಲ ಬಂದದೇನು?"

ಎಲ್ಲರಿಗಿಂತ ಮೊದಲು ಆಯಿ ನಕ್ಕಳು. ಜೈನಾಬೀ ಚಾಚಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಅವ್ವನ ಸೆರಗಿನೊಳಗಿಂದಲೂ ನಗೆ ಬಂತು.

ಆಮೇಲೆ ಮಾವ ಸೊಸೆ ಇಬ್ಬರೂ ಒಲೆಯ ಬಾಯಿಗೆ ತಲೆಗೆ ತಲೆ ತಾಗುವಂತೆ ಕೂತು ವಿಚಾರ ಮಾಡಿದರು. ಬೆಂಕಿಯ ನಾಲಿಗೆ ತಾಗುವಷ್ಟು ಜಾಗಕ್ಕೆ ಪರ್ಸಿ ಬೇಡ, ಭಟ್ಟಿಯಲ್ಲಿ ಹಾಕುವಂತೆ ಇಟ್ಟಿಗೆಯ ಕಮಾನು ಹಾಕಿ ಮೇಲೆ ದಪ್ಪಗೆ ಮಣ್ಣು ಬಡಿಯಬೇಕೆಂದು ಅವ್ವ ಹೇಳಿದಳು. ಅದರ ಮುಂದಿನ ಸಾಲಿಗೆ ಎರಡರಷ್ಟು ದಪ್ಪದ ಕಲ್ಲು ತಾನು ಆರಿಸಿ ತರುತ್ತೇನೆಂದು ಮುತ್ಯಾ ಹೇಳಿದ. ತಂದ. ಚಿಮ್ನಿ ಮಾಳಿಗೆಯ ಮೇಲಕ್ಕೆ ಏರಿತು. ಎರಡನೆಯ ಸಲ ಬೆಂಕಿ ಹಚ್ಚುವ ಮೊದಲು ಅವ್ವ ಒಲೆಯಲ್ಲಿ ಹಸಿ ಹುಲ್ಲು ಹಾಕಿ ಬೇಕೆಂದೇ ದಟ್ಟ ಹೊಗೆ ಎಬ್ಬಿಸಿದಳು. ನಾವೆಲ್ಲ ಮೊಣಕಾಲೂರಿ ಸಂದು ಸಂದಿಗೂ ಮೂಗು ಹಚ್ಚಿ ಹುಡುಕಿದೆವು. ಆಯಿಗೆ ಆದದ್ದು ಇನ್ನೊಮ್ಮೆ ಆಗಬಾರದೆಂಬ ಹಟ ಅವಳದು. ಎಲ್ಲಿ ಹೊಗೆಯ ಎಳೆ ಕಂಡರೂ ಮುತ್ಯಾ ಅಲ್ಲಿ ಗಚ್ಚು ತುಂಬಿದ. ಒಂದು ಎಳೆಯೂ ಕಾಣದಾದ ಮೇಲೇ ಒಣ ಕಟ್ಟಿಗೆ ಒಲೆಗೆ ಬಿತ್ತು.

ಬೆಳಿಗ್ಗೆ ರೊಟ್ಟಿಗೆ ಹಚ್ಚಿದ ಒಲೆ. ಮಧ್ಯಾಹ್ನದವರೆಗೂ ನೆಲ ಥಂಡಿಯೇ ಇತ್ತು. ಆಗಲಿಲ್ಲವೇನೋ ಎಂದು ಅಪ್ಪ ಗೊಣಗಿದ. ಅವ್ವ ಬೇಳೆಗಿಟ್ಟಳು, ಮತ್ತೆ ಕಟ್ಟಿಗೆ ಒಡ್ಡಿದಳು. ಸಂಜೆಗೆ ನಾನು ಶಾಲೆಯಿಂದ ಬಂದು ಚೀಲ ಒಗೆದು ನಡುಮನೆಗೆ ಕಾಲಿಟ್ಟೆ. ಅಂಗಾಲಿಗೆ ಏನೋ ಬೇರೆ ಆಯಿತು. ಬಿಸಿಯಲ್ಲ, ಥಂಡಿಯೂ ಅಲ್ಲ. ಆಗ ತಾನೇ ಎದ್ದುಹೋದವರ ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ. ಆಯಿ ಆಗಲೇ ನೆಲದ ಮೇಲೆ ಮಗ್ಗುಲಾಗಿ, ಕೆನ್ನೆ ಕಲ್ಲಿಗೆ ಹಚ್ಚಿ ಮಲಗಿದ್ದಳು. ಅವಳ ಕಣ್ಣಿನಿಂದ ನೀರು ಇಳಿದು ಪರ್ಸಿಯ ಮೇಲೆ ಒದ್ದೆ ಕಲೆ ಮಾಡಿತ್ತು. ಮುತ್ಯಾ ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತ, ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಕಾಲಿನಿಂದಲೇ ನೋಡುತ್ತಿದ್ದ. ಒಲೆ ಆರಿದರೂ ಆ ಕಾವು ಮರುದಿನದ ಲಿಂಗಪೂಜೆಯವರೆಗೆ ಉಳಿಯಿತು. ಮುತ್ಯಾ ಮಣೆ ಬಿಟ್ಟು ಬರಿ ನೆಲದ ಮೇಲೇ ಪೂಜೆಗೆ ಕೂತ.

ಪುಷ್ಯದ ಥಂಡಿಯಲ್ಲಿ ನನ್ನ ತಂಗಿ ಹುಟ್ಟಿದಳು. ದಿನ ತುಂಬುವ ಮೊದಲೇ ಬಂದವಳು, ಅಪ್ಪನ ಎರಡು ಅಂಗೈ ಕೂಡಿಸಿದರೆ ಅದರೊಳಗೆ ಹಿಡಿಯುವಷ್ಟು. ನೋಡಲು ಬಂದ ನರ್ಸಮ್ಮ ಮುಖ ಸಣ್ಣದು ಮಾಡಿದಳು. ಕೂಸನ್ನು ತಾಯಿಯ ಎದೆಯಿಂದ ಇಳಿಸಬೇಡಿ, ಬೆಚ್ಚಗಿಡಿ, ಹೊಗೆ ತಾಗಿಸಬೇಡಿ ಎಂದಳು. ಬೆಚ್ಚಗೂ ಇಡಬೇಕು, ಹೊಗೆಯೂ ಕೂಡದು ಎಂಬ ಮಾತು ಕೇಳಿ ಆಯಿ ನೆಲದ ಕಡೆ ಕೈ ತೋರಿಸಿದಳು. ನರ್ಸಮ್ಮ ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದಳು, ಆದರೂ ನೆಲದ ಕಾವು ಅವಳ ಲಕ್ಷ್ಯಕ್ಕೆ ಬಂದದ್ದು ಆಗಲೇ. ಬಗ್ಗಿ ಅಂಗೈ ಇಟ್ಟು ನೋಡಿದಳು. ಅವ್ವನ ಹಾಸಿಗೆಯನ್ನು ಮಂಚದಿಂದ ಇಳಿಸಿ ನೆಲಕ್ಕೇ ಹಾಕಿಸಿದಳು. ಆ ಥಂಡಿಯ ದಿನಗಳಲ್ಲಿ ಮುತ್ಯಾ ಒಲೆಯ ಕಾವಲು ಹಿಡಿದ. ಉರಿ ಹೆಚ್ಚಾಗಬಾರದು, ಆರಬಾರದು. ಆತ ಗಂಡಸಾಗಿ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತದ್ದನ್ನು ಕಂಡು ಓಣಿಯವರು ಏನೇನೋ ಅಂದರು. ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಕೂಸಿನ ಅಳು ಮೊದಲು ಬೆಕ್ಕಿನ ಮರಿಯ ದನಿಯಂತೆ ಇತ್ತು, ಆಮೇಲೆ ದೊಡ್ಡದಾಯಿತು, ಆಮೇಲೆ ಓಣಿಗೆಲ್ಲ ಕೇಳುವಂತಾಯಿತು. ಆ ತಂಗಿ ಈಗ ಸೇಡಂನಲ್ಲಿ ಶಾಲೆ ಕಲಿಸಿ ನಿವೃತ್ತಿಯ ಹೊಸ್ತಿಲಲ್ಲಿದ್ದಾಳೆ. ಅವಳ ದನಿ ಈಗಲೂ ಓಣಿಗೆಲ್ಲ ಕೇಳುತ್ತದೆ.

ತೊಟ್ಟಿಲಿಗೆ ಹಾಕುವ ದಿನ ಬಂದ ಹೆಣ್ಣುಮಕ್ಕಳು ಊಟವಾದರೂ ಎದ್ದು ಹೋಗಲಿಲ್ಲ. ಎಲ್ಲರೂ ಕಾಲು ಚಾಚಿ ನೆಲ ಹಿಡಿದು ಕೂತರು. ಜೈನಾಬೀ ಚಾಚಿ ತನ್ನ ಮುಪ್ಪಿನ ಅತ್ತೆಯನ್ನು ಕೈ ಹಿಡಿದು ಕರೆತಂದು ಕೂಡಿಸಿದಳು. ಆ ಮುದುಕಿ ಥಂಡಿ ಮುಗಿಯುವವರೆಗೆ ಮಧ್ಯಾಹ್ನದ ನಮಾಜಾದ ಮೇಲೆ ನಮ್ಮ ನಡುಮನೆಗೇ ಬರುತ್ತಿದ್ದಳು. ಆಯಿಯೂ ಅವಳೂ ಗೋಡೆಗೆ ಒರಗಿ, ಒಬ್ಬಳು ಬತ್ತಿ ಹೊಸೆಯುತ್ತ, ಒಬ್ಬಳು ಅಡಿಕೆ ಕತ್ತರಿಸುತ್ತ, ಓಣಿಯ ಸುದ್ದಿಯನ್ನೆಲ್ಲ ಜರಡಿ ಹಿಡಿಯುತ್ತಿದ್ದರು. ಇಂದು ನನ್ನ ಕಲಬುರಗಿಯ ಮನೆಯಲ್ಲಿ ಗುಂಡಿ ಒತ್ತಿದರೆ ಬಿಸಿ ಗಾಳಿ ಬರುವ ಹೀಟರ್ ಇದೆ. ಮೊಮ್ಮಕ್ಕಳು ತಮ್ಮ ತಮ್ಮ ಕೋಣೆಗಳಲ್ಲಿ ಅದನ್ನು ಹಾಕಿಕೊಂಡು ಬಾಗಿಲು ಮುಚ್ಚುತ್ತಾರೆ. ಅದಕ್ಕೆ ನನ್ನ ದೂರೇನಿಲ್ಲ. ಆದರೆ ಒಂದು ನೆಲ ಬೆಚ್ಚಗಾದರೆ ಓಣಿಯ ಅರ್ಧ ಜನ ಅದರ ಮೇಲೆ ಬಂದು ಕೂಡುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು, ಅದನ್ನು ಹೇಳದೆ ಇರಲಾರೆ. ಮನೆಗೆ ಹೊಸಬರು ಬಂದರೆ ಮುತ್ಯಾ ಆಮೇಲೂ ನೆಲ ತೋರಿಸುತ್ತಿದ್ದ. ಸಂದಿನಲ್ಲಿ ಸೂಜಿ ಇಳಿಯದೆಂಬ ಮಾತು ಮಾತ್ರ ಬಿಟ್ಟಿದ್ದ. "ಕೈ ಹಚ್ಚಿ ನೋಡ್ರಿ. ನಮ್ಮ ಸೊಸಿ ಮಾಡ್ಯಾಳ," ಎನ್ನುತ್ತಿದ್ದ.

ಮುಂದಿನ ಥಂಡಿ ಹತ್ತಿರವಾದಾಗ ಚಿತ್ತಾಪುರದಿಂದ ಒಬ್ಬರು ಬಟ್ಟೆ ವ್ಯಾಪಾರಿ ಮುತ್ಯಾನನ್ನು ಹುಡುಕಿಕೊಂಡು ಬಂದರು. ಅವರ ತಾಯಿಗೆ ಕೀಲು ಹಿಡಿದು ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ಅವರದೂ ಪರ್ಸಿಯ ಮನೆ. ಇಂಥದೇ ನೆಲ ಮಾಡಿಕೊಡಬೇಕೆಂದು ಕೈ ಮುಗಿದರು. ಮುತ್ಯಾ ಅವರಿಗೆ ಚಹಾ ಕುಡಿಸಿ, ತನ್ನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡ.

"ನನ್ನ ಕಡಿಂದ ಇನ್ನ ಕುಂದ್ರಾದು ಏಳಾದು ಆಗಂಗಿಲ್ರಿ. ಮಾಡಿದವ್ರನ್ನ ಕಳಸ್ತೀನಿ. ನೀವು ಕಲ್ಲು, ಇಟ್ಟಂಗಿ, ಸುಣ್ಣ ತಯಾರ ಇಡ್ರಿ."

ವ್ಯಾಪಾರಿ ಸಂತೋಷದಿಂದ ಹೋದರು. ಯಾರನ್ನು ಎಂದು ಅವರು ಕೇಳಲಿಲ್ಲ, ಬಂದವರಿಗೆಲ್ಲ ಸೊಸೆಯ ಮಾತು ಹೇಳುವ ಮುತ್ಯಾ ಅಂದು ಮಾತ್ರ ಹೇಳಲಿಲ್ಲ. ಸಂಜೆ ಆತ ಅವ್ವನನ್ನು ಕರೆದು ತನ್ನ ಥಾಪಿ, ಗಚ್ಚು ಹಚ್ಚುವ ಆ ಸವೆದ ಥಾಪಿಯನ್ನು, ಅವಳ ಕೈಯಲ್ಲಿಟ್ಟ.

"ನಾ ಒಬ್ಬಾಕೀನ ಹ್ಯಾಂಗ ಹೋಗ್ಲಿರಿ ಮಾವಾರ? ಮಂದಿ ಏನಂತಾರ?"

"ಮಂದಿ ನನಗ ಒಲಿ ಮುಂದ ಕುಂತಾಗೂ ಅಂದಾರ. ಒಬ್ಬಾಕಿ ಯಾಕ, ಹುಡುಗೀನ ಕರಕೊಂಡು ಹೋಗು. ಅದಕ್ಕ ಮಟ್ಟ ನೋಡಾಕ ಬರ್ತದ. ಕೂಸಿನ ನಾನು, ನಿಮ್ಮತ್ತಿ ನೋಡ್ಕೊಂತೀವಿ. ಅದೂ ಈಗ ಗಂಜಿ ಉಣ್ತದ."

ಹೀಗೆ ಅವ್ವ ತನ್ನ ಜೀವನದಲ್ಲಿ ಮೊದಲ ಸಲ ತವರಿಗಲ್ಲದೆ ಕೆಲಸಕ್ಕೆಂದು ಊರು ಬಿಟ್ಟಳು. ಆಮೇಲೆ ಅವಳು ಸೇಡಂ, ವಾಡಿ, ಆಡಕಿಯವರೆಗೂ ಹೋಗಿ ನೆಲ ಮಾಡಿದಳು. ಆ ಚಿತ್ತಾಪುರದ ತಾಯಿ ಅದೇ ಥಂಡಿಯಲ್ಲಿ ಗೋಡೆ ಹಿಡಿದು ತಾನೇ ನಡೆದು ಅಡುಗೆಮನೆಯವರೆಗೆ ಬಂದದ್ದನ್ನು ನಾನೇ ಕಂಡೆ. ಆದರೆ ಅದೆಲ್ಲ ಆಮೇಲಿನದು. ಅಂದು ಬೆಳಿಗ್ಗೆ ಮುತ್ಯಾ ಕುಂಟುತ್ತ ನಮ್ಮ ಜೊತೆ ಸ್ಟೇಶನ್ನಿಗೆ ಬಂದ. ಅವ್ವನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡಿದ್ದ. ಎಷ್ಟು ಬೇಡಿದರೂ ಕೊಡಲಿಲ್ಲ. ವಾಡಿಯಲ್ಲಿ ಅಪ್ಪ ನಮ್ಮನ್ನು ಇಳಿಸಿಕೊಂಡು ಚಿತ್ತಾಪುರದ ಗಾಡಿಗೆ ಹತ್ತಿಸಿದ, ಕಿಟಕಿಯ ಸರಳು ಹಿಡಿದು ಗಾಡಿ ಕದಲುವವರೆಗೆ ನಿಂತಿದ್ದ. ದಾರಿಯುದ್ದಕ್ಕೂ ಅವ್ವನ ಬೆರಳು ಮಡಿಲಿನ ಸೀರೆಯ ಮೇಲೆ ಗೆರೆ ಎಳೆಯುತ್ತಿತ್ತು.

ಚಿತ್ತಾಪುರದ ಆ ಮನೆ ದೊಡ್ಡದು. ಪಡಸಾಲೆಯಲ್ಲಿ ವ್ಯಾಪಾರಿ, ಅವರ ಅಣ್ಣ, ಇನ್ನೂ ನಾಲ್ಕಾರು ಗಂಡಸರು ಕೂತಿದ್ದರು. ಹೆಂಗಸರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಅಣ್ಣ ಎದ್ದು ಬಂದು ನಮ್ಮ ತಲೆಯ ಮೇಲಿಂದ ಹಿಂದೆ ಬೀದಿಯ ಕಡೆ ನೋಡಿದರು.

"ಬರ್ರಿ, ಬರ್ರಿ ತಾಯಿ. ಶಹಾಬಾದಲಿಂದ ಬಂದ್ರೇನ್ರಿ? ಮೇಸ್ತ್ರಿ ಎಲ್ಲಾರ? ಹಿಂದಿನ ಗಾಡಿಗಿ ಬರ್ಲಿಕತ್ತಾರೇನು?"

ಅವ್ವನ ಕೈ ತಾನಾಗಿ ಸೆರಗಿಗೆ ಹೋಯಿತು. ನನಗೆ ಎಲ್ಲಿಂದ ಅಷ್ಟು ದೊಡ್ಡ ದನಿ ಬಂತೋ ಗೊತ್ತಿಲ್ಲ.

"ಇಕೀನೇ ಮೇಸ್ತ್ರಿ ರಿ. ನಮ್ಮವ್ವ."

ಯಾರೋ ಒಬ್ಬರು ಮೆಲ್ಲಗೆ ಕೆಮ್ಮಿದರು. ಅವ್ವ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಸೆರಗನ್ನು ತಲೆಯಿಂದ ತೆಗೆದು ಸೊಂಟಕ್ಕೆ ಬಿಗಿದು ಸಿಕ್ಕಿಸಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಆ ಅಷ್ಟೂ ಜನರ ನಡುವೆ ನೆಲದ ಮೇಲೆ ಅಂಗೈ ಇಟ್ಟು, ಕಲ್ಲಿನ ಥಂಡಿ ನೋಡಿ ಎದ್ದು ನಿಂತಳು.

"ಅಡಗಿಮನಿ ಯಾ ಕಡಿ ಅದರಿ?" ಎಂದಳು. "ಮೊದಲ ಒಲಿ ತೋರಸ್ರಿ."